ಬಿಳಿ ರೂಮು ಬೇಕು, ಆದ್ರೆ ಬೆಚ್ಚಗೂ ಇರ್ಬೇಕು
ಚಿಕ್ಕಮಗಳೂರಲ್ಲಿ ಮಳೆಗಾಲ ಶುರುವಾದ್ರೆ ಆಕಾಶನೇ ಬೂದಿ ಬಣ್ಣ, ಆ ಬೆಳಕಲ್ಲಿ ನೀಲಿ ಛಾಯೆ ಇರೋ ಅಚ್ಚ ಬಿಳಿ ಹೊಡೆಸಿದ್ರೆ ರೂಮು ಇನ್ನೂ ಥಂಡಿ ಕಾಣುತ್ತೆ. ಅದಕ್ಕೇ ಚೂರು ಹಳದಿ ಬೆರೆತ ಆಫ್ ವೈಟ್ ತಗೊಳ್ಳಿ, ಕೆನೆ ಬಣ್ಣ ಅಂತೀವಲ್ಲ ಅದು, ಅದ್ರಲ್ಲೂ ಉತ್ತರಕ್ಕೆ ಕಿಟಕಿ ಇರೋ ರೂಮಿಗೆ. ಬರೀ ಶೇಡ್ ಕಾರ್ಡ್ ನಂಬಬೇಡಿ, ಗೋಡೆ ಮೇಲೆ ಎರಡಡಿ ಹಚ್ಚಿಸಿ ಬೆಳಗ್ಗೆನೂ ನೋಡಿ, ರಾತ್ರಿ ಲೈಟಲ್ಲೂ ನೋಡಿ.

ಲೈಟು ಇನ್ನೂ ಮುಖ್ಯ. ಬೆಳಕಿನ ಬಣ್ಣನ ಕೆಲ್ವಿನ್‌ನಲ್ಲಿ ಅಳೀತಾರೆ, ನಂಬರ್ ಜಾಸ್ತಿ ಇದ್ರೆ ನೀಲಿ ಬಿಳಿ, ಕಮ್ಮಿ ಇದ್ರೆ ಬೆಚ್ಚಗಿನ ಹಳದಿ. 6500 ಕೆಲ್ವಿನ್ ಬಲ್ಬ್ ಹಾಕಿದ್ರೆ ಎಷ್ಟು ಖರ್ಚು ಮಾಡಿದ್ರೂ ನರ್ಸಿಂಗ್ ಹೋಮೇ, ಡಬ್ಬಿ ಮೇಲೆ 2700 ಅಥವಾ 3000 ಅಂತ ಇರೋದು ನೋಡ್ಕೊಂಡು ತನ್ನಿ.

ರೆಡ್ ಆಕ್ಸೈಡ್ ನೆಲ, ಅಜ್ಜನ ಕಾಲದ ಬೀಟೆ ಕುರ್ಚಿ ಇದ್ರೆ ಅದೃಷ್ಟ, ಅದಕ್ಕೂ ಬಿಳಿ ಪೇಂಟ್ ಹೊಡೀಬೇಡಿ ಪ್ಲೀಸ್! ಬಿಳಿ ಗೋಡೆ ಮುಂದೆ ಆ ಕಪ್ಪುಗೆಂಪು ಮರನೇ ಬೆಚ್ಚಗೆ ಕಾಣೋದು. ಮಂಚಕ್ಕೆ ಬಿಳಿ ಬೆಡ್‌ಶೀಟ್, ಕಾಲ ಹತ್ರ ಮಡಚಿಟ್ಟ ಒರಟು ಕರಿ ಕಂಬಳಿ, ಕಿಟಕಿಗೆ ದಪ್ಪ ಕಾಟನ್ ಕರ್ಟನ್, ಸಾಕು.

ಗೋಡೆ ತೇವ ಇದ್ರೆ ಮೊದ್ಲು ಲೀಕ್ ಸರಿ ಮಾಡ್ಸಿ, ಬಣ್ಣ ಬೇಸಿಗೆಲೇ ಹೊಡೆಸಿ, ಯಾಕಂದ್ರೆ ಬಿಳಿ ಮೇಲೆ ಬೂಷ್ಟು ಬಂದ್ರೆ ಬಾಗಿಲಿಂದ್ಲೇ ಕಾಣುತ್ತೆ. ಬೀರೂನ ಗೋಡೆಗೆ ಅಂಟಿಸದೆ ನಾಲ್ಕು ಬೆರಳು ಜಾಗ ಬಿಡಿ, ಗಾಳಿ ಆಡ್ಲಿ.