ಹಾಸಿಗೆಯ ಪಕ್ಕದ ಹೊಲಿಗೆ ಯಂತ್ರ

ನಾನು ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೂವತ್ತೊಂದು ವರ್ಷ ಜೀನ್ಸ್ ಪ್ಯಾಂಟ್ ಹೊಲಿದವನು. ಕಾಜ, ಗುಂಡಿ, ಉಳಿದ ದಾರ ಕತ್ತರಿಸುವ ಕೆಲಸವೆಲ್ಲ ಹೆಂಡತಿಯದು. 2021ರಲ್ಲಿ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು. ಎರಡು ತಿಂಗಳು ಅದನ್ನು ಯಾರಿಗೂ ಹೇಳದೆ ಇಟ್ಟುಕೊಂಡಿದ್ದಳು. ಆಮೇಲೆ ಬೆಂಗಳೂರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆಯಲ್ಲಿ ಆಪರೇಷನ್, ಕೀಮೊ, ರೇಡಿಯೇಷನ್ ಎಲ್ಲವೂ ಆದವು. ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತುವುದು, ಬೆಳಗ್ಗೆ ಬೆಂಗಳೂರಿನಲ್ಲಿ ಇಳಿದು ಸರದಿಯಲ್ಲಿ ನಿಲ್ಲುವುದು, ಮರುದಿನ ವಾಪಸ್ಸು. ಆ ಎರಡು ವರ್ಷಗಳ ಕಥೆ ಎಲ್ಲರ ಮನೆಯಲ್ಲೂ ಒಂದೇ ತರಹ ಇರುತ್ತದೆ, ಅದನ್ನು ಬಿಡುತ್ತೇನೆ. 2023ರ ಮಳೆಗಾಲದಲ್ಲಿ ಬೆನ್ನು ನೋವು ಎಂದಳು. ರೋಗ ಬೆನ್ನುಮೂಳೆಗೆ ಇಳಿದಿತ್ತು. ದಸರೆಯ ಹೊತ್ತಿಗೆ ಕಾಲಿನ ಬಲ ಹೋಯಿತು.

“ಇನ್ನು ಆರೈಕೆ ಮಾತ್ರ” ಎಂದರು ಡಾಕ್ಟರು. ಆ ‘ಮಾತ್ರ’ ಎನ್ನುವ ಪದ ನನಗೆ ಸರಿಯಾಗಿ ಅರ್ಥವಾಗಿರಲಿಲ್ಲ. ಮನೆಗೆ ಕರೆದುಕೊಂಡು ಹೋಗಿ ಸುಮ್ಮನೆ ಕಾಯಿರಿ ಎಂದು ತಿಳಿದುಕೊಂಡಿದ್ದೆ. ಆಮೇಲಿನ ಆರು ತಿಂಗಳಲ್ಲಿ ಮಾಡಿದಷ್ಟು ಕೆಲಸವನ್ನು ನಾನು ರಂಜಾನ್ ಸೀಸನ್ನಿನಲ್ಲೂ ಮಾಡಿದವನಲ್ಲ. ಮಾರತಹಳ್ಳಿಯ ಕರುಣಾಶ್ರಯದಲ್ಲಿ ಇಂಥ ರೋಗಿಗಳನ್ನು ದುಡ್ಡಿಲ್ಲದೆ ನೋಡಿಕೊಳ್ಳುತ್ತಾರೆ ಎಂದು ಅಲ್ಲಿಯೇ ಯಾರೋ ಹೇಳಿದರು. ಇವಳು ಒಪ್ಪಲಿಲ್ಲ. “ನನ್ನ ಮನೆ, ನನ್ನ ಬಾಗಿಲು” ಎಂದಳು.

ಮಾರ್ಫಿನ್ ವಿಷಯವನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನಾನು ಮೊದಲು ತಪ್ಪಿದ್ದೇ ಅಲ್ಲಿ. ಹೆಸರು ಕೇಳಿದ ಕೂಡಲೇ ನನ್ನ ತಮ್ಮ “ಅದು ಅಫೀಮಲ್ಲವೇ ಅಣ್ಣಾ?” ಎಂದ. ಅಫೀಮಿನಿಂದಲೇ ತೆಗೆಯುವುದು, ಸುಳ್ಳಲ್ಲ. ಚಟ ಹತ್ತೀತು ಎಂಬ ಭಯಕ್ಕೆ ನಾನು ಗುಳಿಗೆಗಳನ್ನು ಟ್ರಂಕಿನಲ್ಲಿಟ್ಟು, ಅವಳು ನರಳಿದಾಗ ಮಾತ್ರ ಒಂದು ಕೊಡುತ್ತಿದ್ದೆ. ಗುಳಿಗೆ ಕೆಲಸ ಶುರು ಮಾಡುವುದಕ್ಕೆ ಅರ್ಧ ಗಂಟೆಯಾದರೂ ಬೇಕು. ಆ ಅರ್ಧ ಗಂಟೆ ಅವಳು ಮಂಚದ ಕಂಬಿಯನ್ನು ಕಚ್ಚಿ ಹಿಡಿಯುತ್ತಿದ್ದಳು. ನೋವು ಬಂದ ಮೇಲೆ ಗುಳಿಗೆ ಹುಡುಕುವುದೆಂದರೆ ಮಳೆ ಬಂದ ಮೇಲೆ ಮಾಳಿಗೆಗೆ ಮಣ್ಣು ಹೊತ್ತಂತೆ. ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ ನರ್ಸಮ್ಮ ಇದನ್ನು ನೋಡಿ ಸರಿಯಾಗಿ ಬೈದರು. ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದೇ ಹೋದರು: 6, 10, 2, 6, 10. ರಾತ್ರಿ ಹತ್ತಕ್ಕೆ ಎರಡರಷ್ಟು ಎಂದು ಡಾಕ್ಟರೇ ಬರೆದುಕೊಟ್ಟಿದ್ದರು, ನಡುರಾತ್ರಿ ಎರಡಕ್ಕೆ ಎಬ್ಬಿಸುವುದು ತಪ್ಪಲಿ ಎಂದು. ನೋವು ಇರಲಿ ಬಿಡಲಿ, ಗಂಟೆಗೆ ಸರಿಯಾಗಿ. ಮೊದಲ ಎರಡು ಮೂರು ದಿನ ಮಂಪರು, ಸ್ವಲ್ಪ ವಾಕರಿಕೆ. ಆಮೇಲೆ ಎಚ್ಚರವಾಗಿ ಕುಳಿತು ನನ್ನ ಹೊಲಿಗೆಯ ತಪ್ಪು ಹುಡುಕತೊಡಗಿದಳು. ಚಟವೂ ಇಲ್ಲ, ಮಣ್ಣೂ ಇಲ್ಲ.

ಇನ್ನೊಂದು ಮಾತು. ಮಾರ್ಫಿನ್ ಶುರುವಾದ ದಿನವೇ ಮಲಬದ್ಧತೆಯ ಗುಳಿಗೆಯೂ ಶುರುವಾಗಬೇಕು. ಚೀಟಿಯಲ್ಲಿ ಬರೆದಿದ್ದರೂ ಇದೆಂಥ ಕಾಯಿಲೆಗೆ ಎಂದು ನಾನು ಬಿಟ್ಟಿದ್ದೆ. ಆರು ದಿನ ಮಲ ಆಗಲಿಲ್ಲ. ಏಳನೆಯ ದಿನ ನರ್ಸಮ್ಮ ಕೈಗವಸು ಹಾಕಿಕೊಂಡು ಮಾಡಿದ ಕೆಲಸವನ್ನು ನೋಡಿದ ಮೇಲೆ ಆ ಗುಳಿಗೆಯನ್ನು ನಾನು ಒಂದು ದಿನವೂ ಮರೆಯಲಿಲ್ಲ.

ಮಾರ್ಫಿನ್ ಊರಿನ ಸಾಮಾನ್ಯ ಮೆಡಿಕಲ್ ಶಾಪಿನಲ್ಲಿ ಸಿಗುವ ವಸ್ತುವಲ್ಲ. ಮಾದಕ ವಸ್ತುಗಳ ಕಾಯ್ದೆ 1985ರದು; 2014ರಲ್ಲಿ ತಿದ್ದುಪಡಿಯಾಗಿ ಮಾನ್ಯತೆ ಪಡೆದ ಆಸ್ಪತ್ರೆಗಳು ಕೊಡುವುದು ಸುಲಭವಾಯಿತು ಎನ್ನುತ್ತಾರೆ, ಆದರೆ ನನ್ನ ಪಾಲಿಗೆ ತಿಂಗಳಿಗೊಮ್ಮೆ ಬೆಂಗಳೂರಿನ ರೈಲು ತಪ್ಪಲಿಲ್ಲ. ಮಗ ತೋರಣಗಲ್ಲಿನಲ್ಲಿ ಶಿಫ್ಟ್ ಕೆಲಸದವನು. ಅವನಿಗೆ ರಜೆ ಸಿಕ್ಕಾಗ ಅವನು, ಇಲ್ಲದಿದ್ದರೆ ನಾನು. ಮುಗಿಯುವುದಕ್ಕೆ ಒಂದು ವಾರ ಇರುವಾಗಲೇ ಹೊರಡುತ್ತಿದ್ದೆವು.

ಇನ್ನು ಹಾಸಿಗೆ. ಮಲಗಿದವರನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಹಾಸಿಗೆ ಹುಣ್ಣು. ಸೊಂಟದ ಕೆಳಗೆ ಸ್ವಾಧೀನವಿಲ್ಲದ ಮನುಷ್ಯರನ್ನು ಒಬ್ಬನೇ ಹೊರಳಿಸುವುದು ಸುಲಭವಲ್ಲ. ಕಂಕುಳಿಗೆ ಕೈ ಹಾಕಿ ಎಳೆದರೆ ಅವಳ ಬೆನ್ನು ಚೀರುತ್ತಿತ್ತು. ಆಗ ಹೊಲಿಗೆಯವನ ಬುದ್ಧಿ ಓಡಿತು. ದಪ್ಪ ಡೆನಿಮ್ ಎರಡು ಪನ್ನ ಜೋಡಿಸಿ, ಹೆಗಲಿನಿಂದ ತೊಡೆಯವರೆಗೆ ಬರುವ ಒಂದು ಅಡ್ಡ ಹಾಸು ಹೊಲಿದೆ. ಎರಡೂ ಅಂಚಿಗೆ ನಾಲ್ಕು ನಾಲ್ಕು ಹಿಡಿ, ಪ್ಯಾಂಟಿನ ಬೆಲ್ಟ್ ಲೂಪಿನ ಹಾಗೆಯೇ, ಆದರೆ ಕೈ ತೂರುವಷ್ಟು ದೊಡ್ಡದು. ಪ್ರತಿ ತುದಿಗೂ ಬಾರ್‌ಟ್ಯಾಕ್, ಅಂದರೆ ಒತ್ತೊತ್ತಾದ ಗಟ್ಟಿ ಹೊಲಿಗೆ, ಹೊಡೆಸಿದೆ. ಹಾಸನ್ನು ಹಿಡಿದೆಳೆದರೆ ಇಡೀ ಮೈ ಒಟ್ಟಿಗೆ ಹೊರಳುತ್ತದೆ, ಎಲ್ಲೂ ತಿರುಚುವುದಿಲ್ಲ. ಜೀವನದಲ್ಲಿ ಇಷ್ಟು ಹೆಮ್ಮೆಯಿಂದ ನಾನು ಬೇರೇನನ್ನೂ ಹೊಲಿದಿರಲಿಲ್ಲ.

ಮೂರನೆಯ ದಿನ ಅವಳ ಬೆನ್ನಿನ ಕೆಳತುದಿಯಲ್ಲಿ ಗೆರೆ ಎಳೆದ ಹಾಗೆ ಒಂದು ಕೆಂಪು ಪಟ್ಟಿ. ನರ್ಸಮ್ಮ ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದ ಜಾಗ ಬೆಳ್ಳಗಾಗಿ ಮತ್ತೆ ಕೆಂಪಾಗಬೇಕು. ಕೆಂಪು ಹಾಗೆಯೇ ಉಳಿದರೆ ಹುಣ್ಣಿನ ಮೊದಲ ಮೆಟ್ಟಿಲು. ಉಳಿದಿತ್ತು. ನಡುವಿನ ಜೋಡಣೆಯಲ್ಲಿ ನಾನು ಪ್ಯಾಂಟಿನ ಕಾಲಿಗೆ ಹಾಕುವಂಥ ಮಡಚಿದ ಎರಡು ಸಾಲಿನ ಹೊಲಿಗೆ ಹಾಕಿದ್ದೆ. ಗಟ್ಟಿ ಹೊಲಿಗೆ, ಹತ್ತು ವರ್ಷ ಬಿಚ್ಚುವುದಿಲ್ಲ. ಅದೇ ಅವಳ ಬೆನ್ನನ್ನು ಕೊರೆದಿತ್ತು. ಅವಳಿಗೆ ಅಲ್ಲಿ ಸ್ಪರ್ಶವೇ ಇಲ್ಲದ್ದರಿಂದ ಹೇಳುವಂತೆಯೂ ಇರಲಿಲ್ಲ. ಆ ರಾತ್ರಿಯೇ ಬಿಚ್ಚಿ, ನಡುವಿಗೆ ನನ್ನ ಹಳೆಯ ಪಂಚೆಯನ್ನು ಜೋಡಣೆಯಿಲ್ಲದೆ ಎರಡು ಪದರ ಹಾಕಿ, ಡೆನಿಮ್ಮನ್ನು ಅಂಚಿಗೆ, ಹಿಡಿಗಳಿಗೆ ಮಾತ್ರ ಉಳಿಸಿದೆ. ಮೈಯ ಕೆಳಗೆ ಒಂದು ದಾರದ ಗಂಟೂ ಬರಬಾರದು. ನೈಟಿಗಳನ್ನೂ ಬೆನ್ನಿನ ಉದ್ದಕ್ಕೆ ಕತ್ತರಿಸಿ, ಹಿಂದಿನಿಂದ ತೆರೆದು ಮುಂದಿನಿಂದ ತೊಡಿಸುವಂತೆ ಮಾಡಿದೆ. ಗುಂಡಿ ಹಾಕದೆ, ಮಗ್ಗುಲಲ್ಲಿ ಕಟ್ಟುವ ಲಾಡಿ ಇಟ್ಟೆ. “ಮೂವತ್ತು ವರ್ಷ ಗುಂಡಿ ಹಾಕಿಸಿಕೊಂಡು, ಈಗ ನನ್ನ ಬಟ್ಟೆಗೆ ಗುಂಡಿಯೇ ಇಲ್ಲವೇನ್ರೀ” ಎಂದು ನಕ್ಕಳು. ಆ ಕೆಂಪು ಪಟ್ಟಿ ಹೋಗಲು ಒಂಬತ್ತು ದಿನ ಹಿಡಿಯಿತು.

ಗಾಳಿ ಹಾಸಿಗೆಯನ್ನು ಬಾಡಿಗೆಗೆ ತರುವ ಬದಲು ಕೊಂಡೇ ತಂದೆ. ಅದರ ಮೋಟಾರಿನಲ್ಲಿ ಒಂದು ಗುಂಡಿ ಇರುತ್ತದೆ, ಮಲಗಿದವರ ತೂಕಕ್ಕೆ ತಕ್ಕಂತೆ ತಿರುಗಿಸಿ ಇಡಬೇಕು. ತಂದಾಗ 55ಕ್ಕೆ ಇಟ್ಟೆ. ಕರೆಂಟ್ ಹೋದರೆ ಹಾಸಿಗೆ ಮೆಲ್ಲನೆ ಚಪ್ಪಟೆಯಾಗುತ್ತದೆ ಎಂಬುದನ್ನು ಮಾರುವವರು ಹೇಳುವುದಿಲ್ಲ. ಬಳ್ಳಾರಿಯ ಬೇಸಿಗೆಯಲ್ಲಿ ಕರೆಂಟ್ ಇರುತ್ತದೆ ಎಂದು ನಂಬಿದವನು ಬಳ್ಳಾರಿಯವನಲ್ಲ. ಹಳೆಯ ಇನ್ವರ್ಟರ್ ಒಂದನ್ನು ರಿಪೇರಿ ಮಾಡಿಸಿ ಮೋಟಾರಿಗೂ ಫ್ಯಾನಿಗೂ ಜೋಡಿಸಿದೆ. ಟಿವಿಯನ್ನು ಜೋಡಿಸಬೇಡ ಎಂದು ಮಗನಿಗೆ ಹೇಳಬೇಕಾಯಿತು.

ಗಾಯದ ವಿಷಯ ಬರೆಯುವುದು ಕಷ್ಟ, ಆದರೂ ಯಾರೂ ಬರೆಯದ್ದರಿಂದ ಬರೆಯುತ್ತೇನೆ. ಆಪರೇಷನ್ ಆದ ಜಾಗದಲ್ಲೇ ಗಡ್ಡೆ ಮತ್ತೆ ಒಡೆದು ಕೀವಾಗಿತ್ತು. ವಾಸನೆ ಬೀದಿ ಬಾಗಿಲವರೆಗೆ ಬರುತ್ತಿತ್ತು. ನೋಡಲು ಬಂದವರು ಸೆರಗಿನಲ್ಲಿ ಮೂಗು ಮುಚ್ಚಿಕೊಳ್ಳುವುದನ್ನು ಇವಳು ನೋಡುತ್ತಿದ್ದಳು. ಆಮೇಲೆ ಬರುವವರೇ ಕಡಿಮೆಯಾದರು. ಅಗರಬತ್ತಿ, ಕರ್ಪೂರ, ಲೋಬಾನ, ಎಲ್ಲ ಹಚ್ಚಿದೆ. ವಾಸನೆಯ ಮೇಲೆ ಇನ್ನೊಂದು ವಾಸನೆ ಬಂತು, ಅಷ್ಟೇ. ನರ್ಸಮ್ಮ ತೋರಿಸಿದ್ದು ಬಹಳ ಅಗ್ಗದ ಉಪಾಯ: ಮೆಟ್ರೊನಿಡಜೋಲ್ ಗುಳಿಗೆಯನ್ನು ನುಣ್ಣಗೆ ಪುಡಿ ಮಾಡಿ, ಉಪ್ಪು ನೀರಿನಲ್ಲಿ ತೊಳೆದ ಗಾಯದ ಮೇಲೆ ಉದುರಿಸುವುದು. ಬಟ್ಟೆಯನ್ನು ಕಿತ್ತು ತೆಗೆಯಬಾರದು, ನೆನೆಸಿ ತೆಗೆಯಬೇಕು. ಒಂದು ವಾರದೊಳಗೆ ವಾಸನೆ ತಗ್ಗಿತು. ಮೊಮ್ಮಗಳು ಮತ್ತೆ ಮಂಚ ಹತ್ತಿ ಅಜ್ಜಿಯ ಪಕ್ಕ ಕುಳಿತಳು.

ಹೊಲಿಗೆ ಯುನಿಟ್ಟಿಗೆ ಹೋಗುವುದನ್ನು ನಿಲ್ಲಿಸಿ, ಯಂತ್ರವನ್ನು ಅವಳ ಮಂಚದ ಪಕ್ಕಕ್ಕೆ ತಂದು ಹಾಕಿಕೊಂಡೆ. ಪೀಸಿನ ಲೆಕ್ಕದಲ್ಲಿ ಅರ್ಧ ದುಡಿಮೆಯೂ ಆಗುತ್ತಿರಲಿಲ್ಲ. ಸದ್ದಿನಿಂದ ಅವಳಿಗೆ ತೊಂದರೆಯಾದೀತು ಎಂದು ಹೆದರಿದ್ದೆ. ಆದದ್ದು ತಿರುವು ಮುರುವು: ಯಂತ್ರ ಓಡುವಾಗ ನಿದ್ದೆ ಮಾಡುತ್ತಿದ್ದಳು, ನಿಂತರೆ ಕಣ್ಣು ಬಿಡುತ್ತಿದ್ದಳು. ಕೆಲವು ರಾತ್ರಿ ಸುಮ್ಮನೆ ಚಿಂದಿ ಬಟ್ಟೆಯ ಮೇಲೆ ನೇರ ಗೆರೆ ಹೊಲಿಯುತ್ತಾ ಕುಳಿತಿದ್ದೇನೆ.

ಜನವರಿಯಲ್ಲಿ ಒಂದು ತಪ್ಪು ಮಾಡಿದೆ. ಉಸಿರಾಟ ಕೆಟ್ಟಿತು ಎಂದು ಗಾಬರಿಯಾಗಿ ಒಂದು ಖಾಸಗಿ ಆಸ್ಪತ್ರೆಗೆ ಒಯ್ದೆ. ಐಸಿಯುವಿನಲ್ಲಿ ಮೂರು ದಿನ ಇಟ್ಟರು. ಮೂಗಿನಲ್ಲಿ ನಳಿಕೆ, ಕೈಗಳನ್ನು ಕಟ್ಟಿದ್ದರು, ನನಗೆ ದಿನಕ್ಕೆ ಹತ್ತು ನಿಮಿಷ ಒಳಗೆ ಬಿಡುತ್ತಿದ್ದರು. ಮನೆಗೆ ಬಂದ ಮೇಲೆ ಅವಳು ಎರಡು ದಿನ ನನ್ನೊಂದಿಗೆ ಮಾತಾಡಲಿಲ್ಲ. ಮೂರನೆಯ ದಿನ ನರ್ಸಮ್ಮನ ಎದುರಿಗೆ ಎಲ್ಲವನ್ನೂ ಹೇಳಿದಳು. ಸಾಯುತ್ತೇನೆಂದು ಅವಳಿಗೆ ದಸರೆಯಲ್ಲೇ ಗೊತ್ತಿತ್ತಂತೆ. ನನಗೆ ಗೊತ್ತಿಲ್ಲವೇನೋ ಎಂದು ಸುಮ್ಮನಿದ್ದಳಂತೆ. ನಾನೂ ಅದೇ ಕಾರಣಕ್ಕೆ ಸುಮ್ಮನಿದ್ದೆ. ನಾಲ್ಕು ತಿಂಗಳು ಒಂದೇ ಕೋಣೆಯಲ್ಲಿ ಇಬ್ಬರೂ ನಾಟಕ ಆಡಿದ್ದೆವು. ಆ ದಿನ ಅವಳು ಕೊಟ್ಟ ಪಟ್ಟಿ ಚಿಕ್ಕದು: ಮತ್ತೆ ಆಸ್ಪತ್ರೆ ಬೇಡ, ಕಿವಿಯ ಓಲೆ ಮಗಳಿಗೆ, ಗಿರಣಿಯವನಿಗೆ ಕೊಡಬೇಕಾದ ನೂರಾ ನಲವತ್ತು ರೂಪಾಯಿ ಕೊಟ್ಟುಬಿಡುವುದು, ಕನಕ ದುರ್ಗಮ್ಮನ ಜಾತ್ರೆಯ ಸಿಡಿಬಂಡಿ ನೋಡಬೇಕು. ಸಿಡಿಬಂಡಿಯನ್ನು ಮಗಳು ಗುಡಿಯ ಎದುರಿನ ಜನಜಂಗುಳಿಯಲ್ಲಿ ನಿಂತು ಮೊಬೈಲಿನ ವಿಡಿಯೊದಲ್ಲಿ ತೋರಿಸಿದಳು. ಹೆಚ್ಚಾಗಿ ಕಂಡದ್ದು ಮುಂದೆ ನಿಂತವರ ತಲೆ. ಇವಳು ಮಲಗಿದಲ್ಲಿಂದಲೇ ಕೈ ಮುಗಿದಳು.

ಮಾರ್ಚ್ ಕೊನೆಗೆ ಊಟ ನಿಂತಿತು. ದೊಡ್ಡ ಜಗಳ ಆದದ್ದು ಈ ವಿಷಯಕ್ಕೇ. ಸಿರುಗುಪ್ಪದಿಂದ ಅತ್ತೆ ಬಂದು ಕುಳಿತಿದ್ದರು. ಗಂಜಿ ಮಾಡಿ ಚಮಚದಲ್ಲಿ ಬಾಯಿಗೆ ಇಡುವುದು, ಅದು ಗಂಟಲಲ್ಲಿ ಸಿಕ್ಕಿ ಇವಳು ಕೆಮ್ಮುವುದು. ನಾನು ಚಮಚ ಕಿತ್ತುಕೊಂಡಾಗ “ಅಳಿಯಂದಿರೇ, ಅನ್ನ ನಿಲ್ಲಿಸಿದರೆ ಯಾರು ಉಳಿಯುತ್ತಾರೆ? ನನ್ನ ಮಗಳನ್ನು ಹಸಿವಿನಿಂದ ಕೊಲ್ಲುತ್ತೀರಾ?” ಎಂದರು. ಓಣಿಯವರಿಗೆಲ್ಲ ಕೇಳಿಸಿತು. ನನ್ನ ಮಾತನ್ನು ಅವರು ನಂಬುವಂತಿರಲಿಲ್ಲ. ನರ್ಸಮ್ಮನೇ ಅವರ ಪಕ್ಕ ನೆಲದ ಮೇಲೆ ಕುಳಿತು, ದೇಹ ಇನ್ನು ಊಟವನ್ನು ಅರಗಿಸುವುದಿಲ್ಲ, ಹಸಿವೂ ಆಗುತ್ತಿಲ್ಲ, ಬಾಯಿ ಒಣಗುತ್ತಿದೆ ಅಷ್ಟೇ ಎಂದು ತಾಳ್ಮೆಯಿಂದ ಹೇಳಿದರು. ಹೇಳಿ ಸುಮ್ಮನಾಗದೆ ಅತ್ತೆಯ ಕೈಗೆ ಕೆಲಸ ಕೊಟ್ಟರು. ಅರ್ಧ ಲೀಟರ್ ನೀರಿಗೆ ಅರ್ಧ ಚಮಚ ಅಡುಗೆ ಸೋಡಾ, ಅದರಲ್ಲಿ ಮೆತ್ತನೆಯ ಬಟ್ಟೆ ಅದ್ದಿ, ಹಿಂಡಿ, ಬೆರಳಿಗೆ ಸುತ್ತಿಕೊಂಡು ನಾಲಿಗೆ, ಒಸಡು, ಕೆನ್ನೆಯ ಒಳಗೆ ಒರೆಸುವುದು, ತುಟಿಗೆ ತುಪ್ಪ. ಅಂದಿನಿಂದ ಆ ಬಟ್ಟಲನ್ನು ಅತ್ತೆ ಯಾರಿಗೂ ಮುಟ್ಟಗೊಡಲಿಲ್ಲ.

ಒಂದು ಸಂಜೆ ಇವಳು ಮಿರ್ಚಿ ಬೇಕು ಎಂದಳು. ಮೂಲೆಯ ಬಂಡಿಯಿಂದ ಒಗ್ಗರಣೆ-ಮಿರ್ಚಿ ತಂದೆ. ಮಿರ್ಚಿಯ ಹೊರಗಿನ ಹಿಟ್ಟನ್ನು ಉಗುರಿನಷ್ಟು ಮುರಿದು ನಾಲಿಗೆಯ ಮೇಲೆ ಇಟ್ಟೆ. ಸ್ವಲ್ಪ ಹೊತ್ತು ಇಟ್ಟುಕೊಂಡು ಉಗುಳಿದಳು. “ಉಪ್ಪು ಕಡಿಮೆ” ಎಂದಳು. ನಾನು ತಿಂದು ನೋಡಿದೆ, ನಿಜವಾಗಿಯೂ ಕಡಿಮೆ ಇತ್ತು.

ಕೊನೆಯ ಎರಡು ದಿನ ಏನೇನು ಆಗುತ್ತದೆ ಎಂದು ನರ್ಸಮ್ಮ ಮೊದಲೇ ಹೇಳಿದ್ದರಿಂದ ನಾನು ತಡೆದುಕೊಂಡೆ. ಪಾದ ತಣ್ಣಗಾಯಿತು, ಮಂಡಿಯ ಹತ್ತಿರ ನೀಲಿ ಕಲೆ ಮೂಡಿತು. ಉಸಿರು ಕೆಲವು ಸಲ ಜೋರಾಗಿ, ಆಮೇಲೆ ನಿಂತೇ ಹೋಯಿತು ಎನ್ನುವಷ್ಟು ಬಿಡುವು, ಮತ್ತೆ ಶುರು. ಗಂಟಲಲ್ಲಿ ಗೊರಗೊರ ಸದ್ದು. ಕೇಳುವವರಿಗೆ ಹಿಂಸೆ, ಅವರಿಗೆ ಅದರ ಅರಿವಿರುವುದಿಲ್ಲ ಎಂದಿದ್ದರು; ಮಗ್ಗುಲಿಗೆ ಹೊರಳಿಸಿ ತಲೆ ಸ್ವಲ್ಪ ಎತ್ತರಿಸಿದಾಗ ಸದ್ದು ತಗ್ಗಿತು. ನಮ್ಮ ತಮ್ಮ ಆಗಲೇ ಮೊಬೈಲಿನಲ್ಲಿ 108 ಒತ್ತಿದ್ದ. ಕೈಯಿಂದ ತೆಗೆದುಕೊಂಡು ಕಟ್ ಮಾಡಿದೆ. ಏಪ್ರಿಲ್ ತಿಂಗಳ ಒಂದು ನಸುಕಿನಲ್ಲಿ, ನಾಲ್ಕು ಗಂಟೆ ದಾಟಿತ್ತು, ಬಿಡುವು ಬಂದದ್ದು ಮುಗಿಯಲಿಲ್ಲ. ಯಂತ್ರ ಓಡುತ್ತಿರಲಿಲ್ಲ.

ನಮ್ಮಲ್ಲಿ ಕೂರಿಸಿ ಸಮಾಧಿ ಮಾಡುವುದು. ಮೈ ಬಿಗಿಯುವುದರೊಳಗೆ ಕೂರಿಸಬೇಕು ಎಂದು ಹಿರಿಯರು ಅವಸರ ಮಾಡಿದರು. ಹಿಡಿಗಳಿದ್ದ ಆ ಹಾಸಿನಲ್ಲೇ ನಾಲ್ವರು ಎತ್ತಿ ಗೋಡೆಗೆ ಆನಿಸಿದರು. ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗ ಇಟ್ಟರು.

ಮನೆಯಲ್ಲಿ ಸತ್ತರೆ ಕಾಗದದ ಕೆಲಸವನ್ನು ನಾವೇ ಮಾಡಿಸಬೇಕು. ನೋಡುತ್ತಿದ್ದ ಡಾಕ್ಟರಿಂದ ಸಾವಿನ ಕಾರಣ ಬರೆಸಿಕೊಂಡು, 21 ದಿನದೊಳಗೆ ಮಹಾನಗರ ಪಾಲಿಕೆಯಲ್ಲಿ ನೋಂದಣಿ ಮಾಡಿಸಿದೆ. ಪ್ರಮಾಣಪತ್ರದ ಐದಾರು ಪ್ರತಿ ಒಟ್ಟಿಗೆ ತೆಗೆದುಕೊಳ್ಳಿ. ಬ್ಯಾಂಕಿಗೆ ಒಂದು, ವಿಮೆಗೆ ಒಂದು, ರೇಷನ್ ಕಾರ್ಡಿಗೆ ಒಂದು. ಉಳಿದ ಮಾರ್ಫಿನ್ ಗುಳಿಗೆಗಳನ್ನು ಎಣಿಸಿದೆ, ಇಪ್ಪತ್ಮೂರು. ಅವುಗಳನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ, ಕೊಟ್ಟ ಆಸ್ಪತ್ರೆಗೇ ವಾಪಸ್ಸು ಮಾಡಬೇಕು. ಹಂಪಿ ಎಕ್ಸ್‌ಪ್ರೆಸ್ಸಿನಲ್ಲಿ ಒಬ್ಬನೇ ಹೋದೆ. ರಾತ್ರಿ ಹತ್ತಕ್ಕೆ ಬಳ್ಳಾರಿ ಸ್ಟೇಷನ್ನಿನಲ್ಲಿ ಕುಳಿತಿದ್ದಾಗ ಮೊಬೈಲಿನ ಅಲಾರಂ ಹೊಡೆಯಿತು. ಅದನ್ನು ತೆಗೆದಿರಲಿಲ್ಲ. ಐದು ಅಲಾರಂಗಳನ್ನು ಒಂದೊಂದಾಗಿ ಅಳಿಸುವಷ್ಟರಲ್ಲಿ ರೈಲು ಬಂತು.

ಅಲಾರಂ ಅಳಿಸಿದರೂ ಸುಮಾರು ಏಳೆಂಟು ತಿಂಗಳು ಎರಡು ಗಂಟೆಗೊಮ್ಮೆ ಎಚ್ಚರವಾಗುತ್ತಿತ್ತು, ಮಗ್ಗುಲು ಬದಲಿಸುವ ಹೊತ್ತಿಗೆ. ಮೊದಲ ತಿಂಗಳು ಮನೆ ತುಂಬ ಜನ. ಎರಡನೆಯ ತಿಂಗಳಿನಿಂದ ಯಾರೂ ಇಲ್ಲ, ಆಗಲೇ ಬೇಕಾಗಿತ್ತು. ಅತ್ತೆ ಮಾತ್ರ ಪ್ರತಿ ಸೋಮವಾರ ಫೋನ್ ಮಾಡಿ “ಉಂಡಿರಾ?” ಎಂದು ಕೇಳುತ್ತಾರೆ. ಏನು ಉಂಡೆ ಎಂದೂ ಹೇಳಬೇಕು. ಸುಳ್ಳು ಹೇಳಿದರೆ ಗೊತ್ತಾಗುತ್ತದೆ ಅವರಿಗೆ.

ನರ್ಸಮ್ಮ ಈಗಲೂ ಯಾರಿಗಾದರೂ ಬೇಕೆಂದಾಗ ಹಿಡಿಗಳ ಹಾಸು ಹೊಲಿಸಿಕೊಂಡು ಹೋಗುತ್ತಾರೆ. ಇದುವರೆಗೆ ಹನ್ನೊಂದು ಹೊಲಿದಿದ್ದೇನೆ, ನಡುವೆ ಜೋಡಣೆಯಿಲ್ಲದೆ. ಹೋದ ತಿಂಗಳು ಕುರುಗೋಡು ಕಡೆಯ ಒಬ್ಬ ಹುಡುಗ ತಾಯಿಗೆಂದು ಗಾಳಿ ಹಾಸಿಗೆ ಕೇಳಿಕೊಂಡು ಬಂದ. ಅಟ್ಟದಿಂದ ಇಳಿಸಿ, ಗಾಳಿ ತುಂಬಿಸಿ ಎಲ್ಲೂ ಸೋರುತ್ತಿಲ್ಲವೆಂದು ನೋಡಿದೆ. ಮೋಟಾರಿನ ಗುಂಡಿ 32ರ ಹತ್ತಿರ ನಿಂತಿತ್ತು. “ಅಮ್ಮನ ತೂಕ ಎಷ್ಟಪ್ಪ?” ಎಂದೆ. ಅರವತ್ತರ ಮೇಲಿದೆ ಎಂದ. ಗುಂಡಿಯನ್ನು ಅಷ್ಟಕ್ಕೆ ತಿರುಗಿಸಿ, ಇನ್ವರ್ಟರ್ ಇದೆಯೇ ಎಂದು ಕೇಳಿ, ಹಾಸಿಗೆಯನ್ನು ಸುತ್ತಿ ಬೈಕಿಗೆ ಕಟ್ಟಿಕೊಟ್ಟೆ.