ಬೌಂಡರಿ ಗೆರೆಯಾಚೆ ಕುಳಿತು ನೋಡುವ ಕೆಲಸ

ಹಳ್ಳಿ ಮೈದಾನದ ಕ್ರಿಕೆಟ್‌ನಲ್ಲಿ ಮರುಪ್ರಸಾರವಿಲ್ಲ. ವಿಕೆಟ್ ಬೀಳುವ ಹೊತ್ತಿಗೆ ನಾನು ಬೇರೆಲ್ಲೋ ನೋಡುತ್ತಿದ್ದರೆ ಆ ವಿಕೆಟ್ ನನ್ನ ಪಾಲಿಗೆ ಇಲ್ಲವೇ ಇಲ್ಲ. ವಿವರಿಸಿ ಹೇಳುವ ದನಿಯೂ ಇರುವುದಿಲ್ಲ. ಹಾಗಾಗಿ ಇಲ್ಲಿ ನೋಡುವುದೇ ಒಂದು ಕೆಲಸ, ಮಧ್ಯಾಹ್ನವಿಡೀ ಮೈಯೆಲ್ಲ ಕಣ್ಣಾಗಿ ಮಾಡುವ ಕೆಲಸ. ವರ್ಷಗಳಿಂದ ಮಾಡುತ್ತ ಬಂದಿದ್ದೇನೆ. ಟಿವಿಯ ಯಾವ ಪಂದ್ಯವೂ ನನಗೆ ಇಷ್ಟು ಕೊಟ್ಟಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು ಎಲ್ಲಿ ಕೂರುವುದೆಂದು. ಇಳಿಬಿಸಿಲು ಬ್ಯಾಟರ್‌ನ ಕಣ್ಣಿಗೆ ನೇರವಾಗಿ ಬೀಳಬಾರದೆಂದು ಪಿಚ್ಚನ್ನು ಸಾಮಾನ್ಯವಾಗಿ ಉತ್ತರ–ದಕ್ಷಿಣವಾಗಿ ಹಾಕುತ್ತಾರೆ. ಅಂಥ ಮೈದಾನದಲ್ಲಿ ಪಶ್ಚಿಮದ ಅಂಚು ನನ್ನದು. ಸೂರ್ಯ ಬೆನ್ನ ಹಿಂದಿರುತ್ತಾನೆ, ಪಿಚ್ ಕಣ್ಣೆದುರು ಅಡ್ಡಲಾಗಿ ಮಲಗಿರುತ್ತದೆ. ಚೆಂಡು ಎಲ್ಲಿ ನೆಲ ಮುಟ್ಟಿತು, ಎಷ್ಟು ಎತ್ತರಕ್ಕೆ ಎದ್ದಿತು, ಓಡಿ ಬಂದವನ ಬ್ಯಾಟ್ ಗೆರೆ ದಾಟಿತೋ ಇಲ್ಲವೋ ಎಲ್ಲವೂ ಅಲ್ಲಿಂದ ಸ್ಪಷ್ಟ. ಕಾಣದಿರುವುದು ಸ್ವಿಂಗ್ ಮಾತ್ರ, ಅಂದರೆ ಚೆಂಡು ಗಾಳಿಯಲ್ಲೇ ಪಕ್ಕಕ್ಕೆ ಬಾಗುವುದು. ಅದಕ್ಕಾಗಿ ಹೊಸ ಚೆಂಡಿನ ಮೊದಲ ಓವರ್‌ಗಳನ್ನು ಬೌಲರ್‌ನ ಬೆನ್ನ ಹಿಂದಿನ ಗೆರೆಯಾಚೆ, ನೇರಕ್ಕಿಂತ ಸ್ವಲ್ಪ ಪಕ್ಕಕ್ಕೆ ಸರಿದು ಕುಳಿತು ನೋಡುತ್ತೇನೆ. ಇಂಥ ಮೈದಾನಗಳಲ್ಲಿ ಸೈಟ್‌ಸ್ಕ್ರೀನ್, ಅಂದರೆ ಬ್ಯಾಟರ್‌ಗೆ ಚೆಂಡು ಸ್ಪಷ್ಟವಾಗಿ ಕಾಣಲೆಂದು ಬೌಲರ್‌ನ ಹಿಂದೆ ನಿಲ್ಲಿಸುವ ಪರದೆ, ಇಲ್ಲದಿರುವುದೇ ಹೆಚ್ಚು. ಚೆಂಡು ಹೊರಡುವ ಕೈಯ ಹಿಂದೆ ಯಾರಾದರೂ ಎದ್ದು ನಡೆದರೆ ಬ್ಯಾಟರ್‌ನ ಗಮನ ಒಡೆಯುತ್ತದೆ. ಆದ್ದರಿಂದ ಓವರ್ ಮುಗಿಯುವ ತನಕ ಅಲ್ಲಿಂದ ಕದಲುವುದಿಲ್ಲ.

ಚೆಂಡನ್ನು ನೋಡುವುದಕ್ಕಿಂತ ಚೆಂಡು ಬರುವ ಮೊದಲಿನ ಅರ್ಧ ನಿಮಿಷವನ್ನು ನೋಡುವುದು ಹೆಚ್ಚು ಮುಖ್ಯವೆಂದು ನಂಬಿದ್ದೇನೆ. ಬೌಲರ್ ತನ್ನ ಗುರುತಿನತ್ತ ನಡೆಯುವಾಗ ನನ್ನ ಕಣ್ಣು ಫೀಲ್ಡರ್‌ಗಳ ಮೇಲಿರುತ್ತದೆ. ನಾಯಕ ಯಾರನ್ನು ಎಲ್ಲಿ ಅಡಗಿಸಿಟ್ಟಿದ್ದಾನೆ, ಯಾರ ಭುಜ ನೋಯುತ್ತಿದೆ, ಯಾರ ಕಡೆ ಚೆಂಡು ಹೋದರೆ ಎರಡನೆಯ ರನ್ ಸಿಗುತ್ತದೆ ಎಂಬುದನ್ನು ಒಳ್ಳೆಯ ಬ್ಯಾಟರ್ ನಾಲ್ಕೈದು ಓವರ್‌ಗಳಲ್ಲಿ ಪತ್ತೆಹಚ್ಚುತ್ತಾನೆ. ಅವನೊಂದಿಗೆ ನಾನೂ ಹಚ್ಚಬೇಕು. ಕವರ್‌ನಲ್ಲಿದ್ದವನು, ಅಂದರೆ ಪಿಚ್‌ನ ಆಫ್ ಬದಿಯಲ್ಲಿ ನಿಂತ ಫೀಲ್ಡರ್, ಯಾರೂ ಹೇಳದೆ ಎರಡು ಹೆಜ್ಜೆ ಒಳಗೆ ಬಂದನೆಂದರೆ ಏನೋ ನಡೆಯಲಿದೆ. ವಯಸ್ಸಾದ ನಿಧಾನದ ಬೌಲರ್‌ಗಳು ನನಗೆ ವಿಶೇಷವಾಗಿ ಪ್ರಿಯ. ವೇಗ ಪೂರ್ತಿ ಹೋಗಿರುತ್ತದೆ. ಆದರೆ ಈ ಪಿಚ್‌ನ ಯಾವ ಜಾಗದಲ್ಲಿ ಚೆಂಡು ಏಳದೆ ತೆವಳುತ್ತದೆಂದು ಅವರಿಗೆ ಗೊತ್ತು, ಆರು ಎಸೆತಗಳನ್ನೂ ಅಲ್ಲಿಗೇ ಹಾಕುತ್ತಾರೆ. ಗಟ್ಟಿ ತೋಳಿನ ಹುಡುಗ ಬ್ಯಾಟನ್ನು ಬೇಗ ಬೀಸಿ ಬೌಲ್ಡ್ ಆಗುತ್ತಾನೆ. ಅಡ್ಡದಿಂದ ನೋಡುತ್ತಿದ್ದರೆ ಆ ಇಡೀ ಯೋಜನೆ ಎರಡು ಓವರ್ ಮೊದಲೇ ಕಾಣತೊಡಗಿರುತ್ತದೆ.

ಇದನ್ನು ದೊಡ್ಡ ಆಟದ ಸಣ್ಣ ನಕಲು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. 1775ರಲ್ಲಿ ಲಂಡನ್ನಿನ ಆರ್ಟಿಲರಿ ಮೈದಾನದಲ್ಲಿ ಲಂಪಿ ಸ್ಟೀವನ್ಸ್ ಎಸೆದ ಚೆಂಡು ಮತ್ತೆ ಮತ್ತೆ ಎರಡು ಸ್ಟಂಪ್‌ಗಳ ನಡುವೆ ತೂರಿಹೋಯಿತು, ಬ್ಯಾಟರ್ ಉಳಿದುಕೊಂಡ. ಆಗ ಇದ್ದದ್ದೇ ಎರಡು ಸ್ಟಂಪ್. ಇದು ಅನ್ಯಾಯವೆಂದು ಕಂಡವರಿಗೆ ಅನ್ನಿಸಿ ಮೂರನೆಯದು ಬಂದಿತು. ಆ ಬ್ಯಾಟರ್ ಜಾನ್ ಸ್ಮಾಲ್. ಹ್ಯಾಂಬಲ್ಡನ್ ಎಂಬ ಹಳ್ಳಿಯ ಹೆಸರು ಹೊತ್ತ ತಂಡದವನು. ದೊಡ್ಡ ಆಟದ ಮೂರನೆಯ ಸ್ಟಂಪಿನ ಹಿಂದೆಯೂ ಒಂದು ಹಳ್ಳಿಯ ಹೆಸರಿದೆ.

ಕಿವಿಗೂ ಕೆಲಸವಿದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 70 ಮೀಟರ್ ದೂರ ಕುಳಿತವನಿಗೆ ಸದ್ದು ಐದನೆಯ ಒಂದು ಸೆಕೆಂಡಿನಷ್ಟು ತಡವಾಗಿ ತಲುಪುತ್ತದೆ. ಕಣ್ಣು ಕಂಡದ್ದಕ್ಕೆ ಕಿವಿ ಆಮೇಲೆ ಸಾಕ್ಷಿ ಹೇಳುತ್ತದೆ: ಬ್ಯಾಟಿನ ನಡುವಿಗೆ ತಗುಲಿದರೆ ತುಂಬು ಸದ್ದು, ಅಂಚಿಗಾದರೆ ಒಣ ಟಿಕ್ಕು, ಪ್ಯಾಡಿಗಾದರೆ ಮಂಕು. ಆ ಬೆನ್ನಿಗೇ ಫೀಲ್ಡರ್‌ಗಳ ಕೂಗು. ಮನವಿ ಇಲ್ಲದೆ ಅಂಪೈರ್ ಔಟ್ ಕೊಡುವಂತಿಲ್ಲ. ಅಂಪೈರ್ ಬಹಳ ಸಲ ಬ್ಯಾಟಿಂಗ್ ತಂಡದವನೇ, ತನ್ನ ಸರದಿಗೆ ಕಾಯುತ್ತಿರುವವನು. ಅಂಥವನು ತನ್ನ ಗೆಳೆಯನಿಗೇ ಎಲ್‌ಬಿಡಬ್ಲ್ಯೂ (ವಿಕೆಟ್‌ಗೆ ಹೋಗುವ ಚೆಂಡಿಗೆ ಕಾಲು ಅಡ್ಡ) ಎಂದು ಬೆರಳೆತ್ತುವುದನ್ನು ಕಂಡಾಗಲೆಲ್ಲ ನನ್ನ ಎದೆ ತುಂಬುತ್ತದೆ. ಕ್ಯಾಮೆರಾ ಇಲ್ಲ, ಕೇಳುವವರಿಲ್ಲ, ಆದರೂ ಎತ್ತುತ್ತಾನೆ.

ಗೆರೆಯ ಶಿಸ್ತು ಸರಳ. ಚೆಂಡು ಗೆರೆ ದಾಟಿದ ಮೇಲೆ ಎತ್ತಿ ಎಸೆಯುತ್ತೇನೆ, ಅದಕ್ಕೂ ಮೊದಲು ಕೈ ಚಾಚುವುದಿಲ್ಲ. ಜೊತೆಗೆ ನಾಯಿ ಇದ್ದರೆ ಕಟ್ಟಿ ಕೂರುವುದು ಒಳ್ಳೆಯದು. ಒಳಗೆ ನುಗ್ಗಿದ ಮನುಷ್ಯ, ಪ್ರಾಣಿ ಅಥವಾ ವಸ್ತುವಿನಿಂದ ಒಂದು ತಂಡಕ್ಕೆ ನಷ್ಟವಾದರೆ ಅಂಪೈರ್ ಡೆಡ್ ಬಾಲ್ ಎಂದು ಆಟವನ್ನು ಅಲ್ಲಿಗೇ ನಿಲ್ಲಿಸಬೇಕೆಂಬುದು 2022ರಲ್ಲಿ ನಿಯಮಗಳಿಗೆ ಸೇರಿದೆ.

ಇನ್ನು ಸ್ಕೋರ್ ಪುಸ್ತಕ. ಗೀಟು ಹಾಕಿದ ನೋಟ್‌ಬುಕ್ಕು, ಪೆನ್ಸಿಲ್ಲು ಇಲ್ಲದೆ ನಾನು ಹೋಗುವುದಿಲ್ಲ. ರನ್ ಇಲ್ಲದ ಎಸೆತಕ್ಕೆ ಒಂದು ಚುಕ್ಕೆ. ಬೌಲರ್ ರನ್ನೇ ಕೊಡದ ಮೇಡನ್ ಓವರ್ ಆದರೆ ಆರು ಚುಕ್ಕೆಗಳನ್ನು ಸೇರಿಸಿ ‘ಎಂ’ ಅಕ್ಷರ ಬರೆಯುತ್ತಾರೆ, ಅದರಲ್ಲಿ ವಿಕೆಟ್ ಬಿದ್ದಿದ್ದರೆ ‘ಡಬ್ಲ್ಯೂ’. ಚೆಂಡು ಬ್ಯಾಟಿಗೂ ಮೈಗೂ ತಾಗದೆ ರನ್ ಬಂದರೆ, ಅಂದರೆ ಬೈ ಆದರೆ, ಅಂಪೈರ್ ಅಂಗೈ ಬಿಡಿಸಿ ಕೈ ಮೇಲೆತ್ತುತ್ತಾನೆ; ಬ್ಯಾಟಿಗೆ ತಾಗದೆ ಮೈಗೆ ತಾಗಿ ಬಂದ ಲೆಗ್‌ಬೈಗೆ ಮೊಣಕಾಲೆತ್ತಿ ಮುಟ್ಟುತ್ತಾನೆ. ಸ್ಕೋರರ್ ಮರುಸನ್ನೆ ಕೊಡುವವರೆಗೆ ಆಟ ಮುಂದುವರಿಯಬಾರದು. ಬರೆಯುವವನಿಗೆ ಒಂದು ಎಸೆತವೂ ತಪ್ಪುವಂತಿಲ್ಲ, ನನಗೆ ಬೇಕಾದದ್ದೂ ಅದೇ. ಹತ್ತು ಓವರ್ ಕಳೆದ ಮೇಲೆ ಪುಟ ಮಾತಾಡತೊಡಗುತ್ತದೆ: ಸಾಲುಸಾಲು ಚುಕ್ಕೆಗಳಲ್ಲಿ ಸಿಕ್ಕಿಬಿದ್ದ ಬ್ಯಾಟರ್ ಮುಂದಿನ ಓವರ್‌ನಲ್ಲಿ ದುಡುಕಲಿದ್ದಾನೆಂದು ನನಗೆ ಮೊದಲೇ ಅನ್ನಿಸಿರುತ್ತದೆ.

ಪಂದ್ಯ ಮುಗಿದ ಮೇಲೆ ಸ್ಕೋರರ್ ಪಕ್ಕಕ್ಕೆ ಹೋಗಿ ಕೂರುತ್ತೇನೆ. ಬ್ಯಾಟರ್‌ಗಳ ರನ್‌ಗೆ ಇತರೆ ರನ್ ಕೂಡಿಸಿದರೆ ಬರುವ ಮೊತ್ತವೂ, ಬೌಲರ್‌ಗಳು ಕೊಟ್ಟ ರನ್‌ಗೆ ಬೈ, ಲೆಗ್‌ಬೈ ಕೂಡಿಸಿದರೆ ಬರುವ ಮೊತ್ತವೂ ಒಂದೇ ಆಗಬೇಕು. ದಂಡದ ರನ್ ಇದ್ದರೆ ಅದನ್ನೂ ಸೇರಿಸಬೇಕು. ಮೊತ್ತಗಳು ಒಂದೇ ಆಗದಿದ್ದರೆ ಇಬ್ಬರ ಪುಸ್ತಕಗಳನ್ನೂ ಅಕ್ಕಪಕ್ಕ ಇಟ್ಟು ಓವರ್ ಓವರ್ ಆಗಿ ಹಿಂದಕ್ಕೆ ಹೋಗುತ್ತೇವೆ. ತಪ್ಪಿಹೋದದ್ದು ಬಹುಪಾಲು ಒಂದು ಲೆಗ್‌ಬೈ ಆಗಿರುತ್ತದೆ, ಅಂಪೈರ್‌ನ ಮೊಣಕಾಲಿಗೆ ಯಾರೋ ಫೀಲ್ಡರ್ ಅಡ್ಡ ಬಂದ ಗಳಿಗೆಯದು.