ನುಸಿಯ ಸಾರಕ್ಕೆ ಮೂಗಿನ ಕೋಶಪದರ ಕೊನೆಗೂ ಬಾಗಿಲು ತೆರೆಯಿತು

ಧೂಳಿನ ನುಸಿಯ ಸಾರ ಹಾಕಿದರೆ ಶ್ವಾಸನಾಳದ ಒಳಪದರದ ಟೈಟ್ ಜಂಕ್ಷನ್, ಅಂದರೆ ಕೋಶಗಳ ನಡುವಿನ ಬಿಗಿ ಬೆಸುಗೆ, ಸಡಿಲವಾಗುತ್ತದೆ ಎನ್ನುವುದು 1999ರಿಂದಲೇ ಗೊತ್ತಿರುವ ಸಂಗತಿ. ಡೆರ್ ಪಿ 1 ಎಂಬ ನುಸಿಯ ಪ್ರೋಟಿಯೇಸ್ (ಪ್ರೋಟೀನ್ ಕತ್ತರಿಸುವ ಎಂಜೈಮ್) ಆ ಬೆಸುಗೆಯ ಆಕ್ಲೂಡಿನ್ ಎಂಬ ಪ್ರೋಟೀನನ್ನು ಕತ್ತರಿಸುತ್ತದೆ. ನಮ್ಮ ಲ್ಯಾಬಿನಲ್ಲಿ ಮಾತ್ರ ವರ್ಷಕ್ಕೂ ಮೇಲೆ ಏನೂ ಆಗಲಿಲ್ಲ. ಐವತ್ತು ಮೈಕ್ರೋಗ್ರಾಮ್ ಹಾಕಿದರೂ ಅಷ್ಟೇ, ಇನ್ನೂರು ಹಾಕಿದರೂ ಅಷ್ಟೇ, ಟೀರ್ (ಪದರ ಎಷ್ಟು ಬಿಗಿಯಿದೆ ಎಂದು ತೋರಿಸುವ ವಿದ್ಯುತ್ ರೋಧ) ಅಲುಗಲಿಲ್ಲ. 'ಮೂಗಿನ ಕೋಶದಲ್ಲಿ ಇದೆಲ್ಲ ಆಗಲ್ಲ, ಶ್ವಾಸಕೋಶದ ಬ್ರಾಂಕಸ್ ಕೋಶ ತರಿಸಿಕೊಳ್ಳಿ' ಎಂದವರೇ ಹೆಚ್ಚು. ಈಗ ಅದೇ ಮೂಗಿನ ಕೋಶದಲ್ಲಿ ಪ್ರತಿ ಬ್ಯಾಚಿನಲ್ಲೂ ಟೀರ್ ಇಳಿಯುತ್ತಿದೆ, ದಾನಿ ಬದಲಾದರೂ ಇಳಿಯುತ್ತಿದೆ.

ಹೊರದೇಶದಿಂದ ಕೋಶ ತರಿಸಿಯೂ ನೋಡಿದೆವು. ಒಂದು ವಯಲ್‌ಗೆ ತೊಂಬತ್ತು ಸಾವಿರದ ಆಸುಪಾಸು ಕೊಟ್ಟ ನೆನಪು. ಕಸ್ಟಮ್ಸ್‌ನಲ್ಲಿ ಡ್ರೈ ಐಸ್ ಕರಗಿ ಬಂದ ಪೆಟ್ಟಿಗೆಯ ಕೋಶಗಳು ಅಂಟಲೇ ಇಲ್ಲ, ಹಣವೂ ವಾಪಸ್ ಬರಲಿಲ್ಲ. ಅದಕ್ಕೇ ಎಥಿಕ್ಸ್ ಸಮಿತಿಯ ಒಪ್ಪಿಗೆ ಪಡೆದು ಮೂಗಿನ ಬ್ರಶಿಂಗ್‌ಗೆ ಇಳಿದೆವು. ಬ್ರಶ್‌ಗೆ ಕೆಲವು ನೂರು ರೂಪಾಯಿ, ದಾನಿಗೆ ಅರ್ಧ ನಿಮಿಷದ ಕಿರಿಕಿರಿ. ಮಳೆಗಾಲದಲ್ಲಿ ಫಂಗಸ್ ಕಾಟ ವಿಪರೀತ. ಮೊದಲ ಮೂರು ದಿನ ಫಂಗಸ್ ಕೊಲ್ಲುವ ಆಂಫೊಟೆರಿಸಿನ್ ಹಾಕುವುದನ್ನು ತಪ್ಪಿಸಬೇಡಿ. ಬೀಸ್-2ಬಿ ಎಂಬ ಸಿದ್ಧ ಬ್ರಾಂಕಸ್ ಕೋಶಸಾಲು ಜಂಕ್ಷನ್ ಕೆಲಸಕ್ಕೆ ಬಾರದು ಎಂದು ನಿಮಗೆ ಹೇಳಬೇಕಿಲ್ಲ.

ಪದರ ಚೆನ್ನಾಗಿಯೇ ಬೆಳೆಯಿತು. ಮೇಲ್ಭಾಗವನ್ನು ಗಾಳಿಗೊಡ್ಡಿ ನಾಲ್ಕನೇ ವಾರಕ್ಕೆ ಸೀಲಿಯಾ (ಕೋಶದ ಮೇಲಿನ ಸೂಕ್ಷ್ಮ ರೋಮಗಳು) ಬಡಿಯುತ್ತಿತ್ತು, ಟೀರ್ ಐನೂರರ ಮೇಲೆ ನಿಂತಿತ್ತು. ಇಷ್ಟು ಸ್ಥಿರವಾದ ಮೂಗಿನ ಪದರ ಸುತ್ತಮುತ್ತಲಿನ ಯಾವ ಲ್ಯಾಬಿನಲ್ಲೂ ನಾನು ಕಂಡಿಲ್ಲ. ಇನ್‌ಸರ್ಟ್‌ಗೆ (ಕೋಶ ಬೆಳೆಸುವ ತೂತುತಳದ ಬಟ್ಟಲಿಗೆ) ಕೊಲಾಜೆನ್ ಬಳಿಯುವ ನಮ್ಮ ಕ್ರಮವೇ ಅದಕ್ಕೆ ಕಾರಣ. ಅದನ್ನು ಸದ್ಯಕ್ಕೆ ನನ್ನ ವಿದ್ಯಾರ್ಥಿಗಳಿಗಷ್ಟೇ ಬಿಟ್ಟಿದ್ದೇನೆ.

ತೊಂದರೆ ಇದ್ದದ್ದು ಸಾರದ ಬಾಟಲಿಯಲ್ಲಿ. ಲೇಬಲ್ ಮೇಲೆ ಪ್ರೋಟೀನ್ ಎಷ್ಟು, ಡೆರ್ ಪಿ 1 ಎಷ್ಟು ಎಂದಿರುತ್ತದೆ. ಆದರೆ ಅದನ್ನು ಅಳೆಯುವ ಎಲೈಸಾ (ಆಂಟಿಬಾಡಿ ಬಳಸುವ ಪರೀಕ್ಷೆ) ಸತ್ತ ಎಂಜೈಮನ್ನೂ ಎಣಿಸುತ್ತದೆ. ಡೆರ್ ಪಿ 1 ಸಿಸ್ಟೀನ್ ಪ್ರೋಟಿಯೇಸ್, ಅಂದರೆ ಸಿಸ್ಟೀನ್ ಎಂಬ ಅಮೈನೋ ಆಮ್ಲದ ಬಲದಿಂದ ಕತ್ತರಿಸುವಂಥದ್ದು. ಅದರ ಸಿಸ್ಟೀನ್ ಆಕ್ಸಿಡೈಸ್ ಆದರೆ ಕತ್ತರಿ ಮುಚ್ಚಿದಂತೆಯೇ. ಬಾಕ್-ಕ್ಯೂಎಆರ್-ಎಎಂಸಿ ಎಂಬ ಸಬ್‌ಸ್ಟ್ರೇಟ್ (ಕತ್ತರಿಸಿದರೆ ಹೊಳೆಯುವ ತುಣುಕು) ಹಾಕಿ ಅಳೆದಾಗ ಒಂದೇ ಕಂಪನಿಯ ಎರಡು ಲಾಟ್‌ಗಳ ನಡುವೆ ಸುಮಾರು ಎಂಟು ಪಟ್ಟು ವ್ಯತ್ಯಾಸ ಕಂಡಿತು. ನಮ್ಮ ಹಳೇ ಬಾಟಲಿಯಲ್ಲಿ ಚಟುವಟಿಕೆ ಇಲ್ಲವೆನ್ನುವಷ್ಟು ಕಡಿಮೆ. ಸಿಸ್ಟೀನ್ ಸೇರಿಸಿ ಎಚ್ಚರಿಸಿದರೆ ಒಂದಿಷ್ಟು ಮರಳಿತು. ಡಿಟಿಟಿ ಎಂಬ ಇನ್ನೂ ಪ್ರಬಲ ರಿಡ್ಯೂಸಿಂಗ್ ರಾಸಾಯನಿಕ ಬೇಡ, ಅದು ಲೋಳೆಯನ್ನೇ ಬಿಡಿಸುತ್ತದೆ, ಕಂಟ್ರೋಲ್ ಕೆಡುತ್ತದೆ. ಅಂದಿನಿಂದ ನಾವು ಮೈಕ್ರೋಗ್ರಾಮ್ ಲೆಕ್ಕ ಬಿಟ್ಟಿದ್ದೇವೆ, ಕತ್ತರಿಸುವ ಶಕ್ತಿಯ ಲೆಕ್ಕದಲ್ಲೇ ಡೋಸ್ ಹಾಕುತ್ತೇವೆ. ಪ್ಲೇಟಿನ ಪಕ್ಕದ ಬಾವಿಯಲ್ಲಿ (ಗುಳಿಯಲ್ಲಿ) ಸಿಸ್ಟೀನ್ ಪ್ರೋಟಿಯೇಸ್ ತಡೆಯುವ ಇ-64 ಬೆರೆಸಿದ ಅದೇ ಸಾರ ಇರಲೇಬೇಕು. ಟ್ರಿಪ್ಸಿನ್ ಜಾತಿಯ ನುಸಿ ಪ್ರೋಟಿಯೇಸ್‌ಗಳೂ ಆ ಸಬ್‌ಸ್ಟ್ರೇಟ್ ಕಡಿಯುತ್ತವೆ, ಅವುಗಳ ಪಾಲು ಕಳೆಯದೆ ಡೆರ್ ಪಿ 1 ಎಂದು ಬರೆಯಲಾಗದು.

ಎರಡನೆಯ ತೊಂದರೆ ದ್ರವದ ಪ್ರಮಾಣ. ಎಲ್ಲರೂ ಮೇಲಿನಿಂದ ಇನ್ನೂರು ಮೈಕ್ರೋಲೀಟರ್ ಸುರಿಯುತ್ತಾರೆ. ಗಾಳಿಗೊಡ್ಡಿದ ಪದರವನ್ನು ಮತ್ತೆ ಮುಳುಗಿಸಿದರೆ ಅದು ಬೇರೆಯೇ ಕೋಶವಾಗುತ್ತದೆ, ಸಾರವಿಲ್ಲದ ಬಫರ್ ಬಾವಿಗಳ ಟೀರ್ ಕೂಡ ಓಲಾಡುತ್ತದೆ. ನಾವು ಹನ್ನೆರಡು ಬಾವಿಯ ಇನ್‌ಸರ್ಟ್‌ಗೆ ಹದಿನೈದು ಮೈಕ್ರೋಲೀಟರ್ ಮಾತ್ರ ಹರಡಿದೆವು. ಲೋಳೆಯನ್ನು ಹಿಂದಿನ ದಿನವೇ ತೊಳೆದಿರಬೇಕು. ಯಾವುದರಿಂದ, ಎಷ್ಟು ಹೊತ್ತು ಎನ್ನುವುದು ಪೇಪರ್ ಹೊರಬಂದ ಮೇಲೆ. ಆರು ಗಂಟೆಗೆ ಟೀರ್ ಸುಮಾರು ಶೇ. 40 ಇಳಿಯಿತು, ಸೋರಿಕೆ ತೋರಿಸಲು ಮೇಲೆ ಹಾಕಿದ ಡೆಕ್ಸ್‌ಟ್ರಾನ್ ಪದರ ದಾಟಿ ಕೆಳಗಿಳಿಯಿತು, ಇ-64 ಬಾವಿಗಳು ಹೆಚ್ಚೂಕಡಿಮೆ ಹಾಗೆಯೇ ಉಳಿದವು. ಅಳೆಯುವಾಗ ಪ್ಲೇಟ್ ಕೋಣೆಯ ತಾಪಕ್ಕೆ ಬರಲು ಪ್ರತಿಸಲ ಒಂದೇ ಸಮಯ ಕೊಡಿ. ತಣ್ಣಗಾದಷ್ಟೂ ಟೀರ್ ಏರುತ್ತದೆ.

ನಡುವೆ ಕಾಂಗ್ರೆಸ್ ಗಿಡದ ಪರಾಗವನ್ನೂ ನೋಡಿದೆ. ಬೆಂಗಳೂರಿನ ಖಾಲಿ ಸೈಟುಗಳಲ್ಲಿ ಅದಕ್ಕೇನು ಬರ. ಟೀರ್ ಅಷ್ಟಾಗಿ ಇಳಿಯಲಿಲ್ಲ, ಉರಿಯೂತದ ಸಂಕೇತವಾದ ಐಎಲ್-8 ಮಾತ್ರ ಭರ್ತಿ ಏರಿತು. ಖುಷಿಪಡುವ ಮುಂಚೆ ಎಂಡೋಟಾಕ್ಸಿನ್ (ಬ್ಯಾಕ್ಟೀರಿಯಾದ ಗೋಡೆಯ ವಿಷ) ಅಡಗಿಸುವ ಪಾಲಿಮಿಕ್ಸಿನ್ ಹಾಕಿ ನೋಡಿದೆ, ಮುಕ್ಕಾಲು ಪಾಲು ಮಾಯ. ಅದು ಪರಾಗಕ್ಕೆ ಅಂಟಿಕೊಂಡಿದ್ದ ಬ್ಯಾಕ್ಟೀರಿಯಾದ ಎಂಡೋಟಾಕ್ಸಿನ್. ಬಯಲಿನಿಂದ ತಂದ ಪರಾಗಕ್ಕೆ ಎಂಡೋಟಾಕ್ಸಿನ್ ಅಳೆಯುವ ಎಲ್‌ಎಎಲ್ ಪರೀಕ್ಷೆ ಮಾಡದೆ ಬರೆದ ಫಲಿತಾಂಶವನ್ನು ನಾನು ನಂಬುವುದಿಲ್ಲ.

ಕೋಶಕ್ಕೆ ಪೆಟ್ಟಾದಾಗ ಹೊರಬರುವ ಅಲರ್ಜಿಯ ಸಂಕೇತ ಐಎಲ್-33 ಹುಡುಕುವವರು ಇಪ್ಪತ್ತನಾಲ್ಕು ಗಂಟೆ ಕಾಯಬೇಡಿ. ಅದು ಬೇಗ ಹೊರಬಂದು ಕೆಲವೇ ಗಂಟೆಗಳಲ್ಲಿ ಆಕ್ಸಿಡೈಸ್ ಆಗಿ ನಿಷ್ಕ್ರಿಯವಾಗುತ್ತದೆ, ಪ್ರೋಟಿಯೇಸ್‌ಗಳೂ ಅದನ್ನು ಕಡಿಯುತ್ತವೆ. ನಮಗೆ ಸಿಕ್ಕಿದ್ದು ಮೊದಲ ಒಂದೆರಡು ಗಂಟೆಯ ಮೇಲ್ಭಾಗದ ತೊಳೆನೀರಿನಲ್ಲಿ. ಅಂಥದೇ ಇನ್ನೊಂದು ಸಂಕೇತ ಟಿಎಸ್‌ಎಲ್‌ಪಿ ಆದರೆ ಮರುದಿನ, ಕೆಳಗಿನ ಮೀಡಿಯಮ್‌ನಲ್ಲಿ. ಈಗ ಅಸ್ತಮಾ ಇರುವ ದಾನಿಗಳ ಕೋಶ ಬೆಳೆಯುತ್ತಿವೆ. ಅವರ ಪದರ ಶುರುವಿನಲ್ಲೇ ಸೋರುತ್ತದೆ, ಆದ್ದರಿಂದ ಡೋಸನ್ನು ಅರ್ಧಕ್ಕೆ ಇಳಿಸಿದ್ದೇನೆ.